ಕರು ಹಾಕಿದ ನೂರು ದಿನ: ಹೈನುರಾಸಿನ ಮೇವಿನ ಚರಿತ್ರೆ

ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತವರ ಮಾತನ್ನು ನೀವು ಕೇಳಿರಬಹುದು. "ಸೀಮೆಹಸು ಹಾಲೇನೋ ಚೆನ್ನಾಗಿ ಕೊಡುತ್ತದೆ, ಆದರೆ ಗಬ್ಬ ನಿಲ್ಲುವುದಿಲ್ಲ." ತುಮಕೂರಿನಿಂದ ಶಿರಾ ಕಡೆಗೆ ಹೆದ್ದಾರಿಯಲ್ಲಿ ಹೊರಟರೆ ಸಿಗುವ ಕೋರ ಹೋಬಳಿಯಾಗಲಿ, ಗುಬ್ಬಿ, ಕುಣಿಗಲ್ ತಾಲ್ಲೂಕಿನ ಹಳ್ಳಿಗಳಾಗಲಿ, ಹೈನುಗಾರಿಕೆ ಇರುವ ಕಡೆಯಲ್ಲೆಲ್ಲ ಈ ದೂರು ಇದೆ. ತಪ್ಪನ್ನು ಕೆಲವರು ತಳಿಯ ಮೇಲೆ ಹೊರಿಸುತ್ತಾರೆ, ಕೆಲವರು ಗರ್ಭಧಾರಣೆ ಮಾಡಿಸಿದವರ ಮೇಲೆ, ಮತ್ತೆ ಕೆಲವರು ಹಣೆಬರಹದ ಮೇಲೆ. ಗೊಂತಿನ ಕಡೆ ನೋಡುವವರು ಕಡಿಮೆ.

ಒಂದು ಸರಳ ಲೆಕ್ಕದಿಂದ ಪ್ರಾರಂಭಿಸೋಣ. ಹಸುವಿನ ಗರ್ಭದ ಅವಧಿ ಸುಮಾರು 280 ದಿನ. ವರ್ಷಕ್ಕೊಂದು ಕರು ಬೇಕೆಂದರೆ 365ರಲ್ಲಿ 280 ಕಳೆದು ಉಳಿಯುವ 85 ದಿನಗಳೊಳಗೆ ಹಸು ಮತ್ತೆ ಗಬ್ಬವಾಗಬೇಕು. ಆದರೆ ಕರು ಹಾಕಿದ ಮೇಲೆ ಹಾಲಿನ ಇಳುವರಿ ಏರುತ್ತ ಹೋಗಿ ತುದಿ ಮುಟ್ಟುವುದು ಆರರಿಂದ ಎಂಟನೆಯ ವಾರದಲ್ಲಿ. ಮೇವು ತಿನ್ನುವ ಶಕ್ತಿ ಪೂರ್ಣವಾಗಿ ಮರಳುವುದು ಹತ್ತರಿಂದ ಹನ್ನೆರಡನೆಯ ವಾರದಲ್ಲಿ. ಅಂದರೆ ಹಸು ಅತಿ ಹೆಚ್ಚು ಹಾಲು ಕೊಡಬೇಕಾದಾಗ, ಅದೇ ಸಮಯದಲ್ಲಿ ಗಬ್ಬವೂ ಆಗಬೇಕಾದಾಗ, ಅದರ ಹಸಿವು ಮಾತ್ರ ಹಿಂದೆ ಉಳಿದಿರುತ್ತದೆ. ಈ ಮೂರು ರೇಖೆಗಳ ತಿಕ್ಕಾಟವನ್ನು ವಿಜ್ಞಾನ ಅರ್ಥ ಮಾಡಿಕೊಂಡದ್ದು ನಿಧಾನವಾಗಿ, ಬಿಡಿಬಿಡಿಯಾಗಿ. ಆ ಕಥೆಯ ಕೆಲವು ಮುಖ್ಯ ಅಧ್ಯಾಯಗಳು ನಮ್ಮ ನಾಡಿನಲ್ಲೇ ನಡೆದಿವೆ.

ಎತ್ತಿಗಾಗಿ ಸಾಕಿದ ಹಸು

ಹಳೆಯ ಮೈಸೂರು ಸೀಮೆಯಲ್ಲಿ ಹಸುವನ್ನು ಸಾಕುತ್ತಿದ್ದುದು ಮುಖ್ಯವಾಗಿ ಹಾಲಿಗಲ್ಲ, ಎತ್ತಿಗೆ. 1672ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸಲು 'ಬೆಣ್ಣೆ ಚಾವಡಿ' ಎಂಬ ಇಲಾಖೆಯಿತ್ತು. ಟಿಪ್ಪುಸುಲ್ತಾನ ಅದಕ್ಕೆ 'ಅಮೃತಮಹಲ್' ಎಂಬ ಹೆಸರು ಕೊಟ್ಟ. ಹೆಸರು ಹಾಲಿನದಾದರೂ ಆ ರಾಸುಗಳ ಕೀರ್ತಿ ಬೆಳೆದದ್ದು ಸೈನ್ಯದ ಸಾಮಗ್ರಿಯನ್ನೂ ಫಿರಂಗಿಗಳನ್ನೂ ವೇಗವಾಗಿ ಎಳೆದದ್ದರಿಂದ. ತುಮಕೂರು, ಚಿತ್ರದುರ್ಗ, ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಹರಡಿದ್ದ ಕಾವಲುಗಳು ಈ ಹಿಂಡುಗಳ ಹುಲ್ಲುಗಾವಲುಗಳು. ರೈತರ ಮನೆಯಲ್ಲಿ ಇದ್ದದ್ದು ಹಳ್ಳಿಕಾರ್ ತಳಿ. 1800ರಲ್ಲಿ ಶಿರಾ, ತುಮಕೂರು, ಗುಬ್ಬಿ ಪ್ರದೇಶಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಈ ಸೀಮೆಯ ರಾಸುಗಳನ್ನೂ ದನಗಾಹಿಗಳ ಬದುಕನ್ನೂ ತನ್ನ ಪ್ರವಾಸಕಥನದಲ್ಲಿ ದಾಖಲಿಸಿದ್ದಾನೆ.

ಹಳ್ಳಿಕಾರ್ ಹಸು ಕರು ಕುಡಿದು ಉಳಿದಂತೆ ದಿನಕ್ಕೆ ಎರಡು ಮೂರು ಲೀಟರ್ ಹಾಲು ಕೊಟ್ಟರೆ ಹೆಚ್ಚು. ಹಗಲು ಬಯಲಿನಲ್ಲಿ ಮೇಯಿಸಿ, ರಾತ್ರಿ ಬಣವೆಯಿಂದ ಹಿರಿದ ರಾಗಿ ಹುಲ್ಲು ಹಾಕಿ, ಕಲಗಚ್ಚು ಕುಡಿಸಿದರೆ ಅದರ ಅಗತ್ಯ ಬಹುಮಟ್ಟಿಗೆ ಮುಗಿಯುತ್ತಿತ್ತು. ಮಳೆ ವರ್ಷಕ್ಕೆ ಸುಮಾರು 600ರಿಂದ 700 ಮಿಲಿಮೀಟರ್ ಮಾತ್ರ ಬೀಳುವ ಈ ಸೀಮೆಯಲ್ಲಿ ಹಸುವಿನ ಬೇಡಿಕೆ ಹಾಗೂ ಬಣವೆಯ ಶಕ್ತಿ ಒಂದಕ್ಕೊಂದು ಹೊಂದಿಕೊಂಡಿದ್ದವು. ಮೇವು ತೀರ ಕಡಿಮೆಯಾದ ಬರಗಾಲದಲ್ಲಿ ಹಸು ಬೆದೆಗೆ ಬರುತ್ತಿರಲಿಲ್ಲ. ಮಳೆಯಾಗಿ ಹಸಿರು ಚಿಗುರಿದಾಗ ಮತ್ತೆ ಬರುತ್ತಿತ್ತು. ಮೇವಿಗೂ ಗಬ್ಬಕ್ಕೂ ಇರುವ ಸಂಬಂಧವನ್ನು ರೈತರು ಕಣ್ಣಾರೆ ಕಂಡಿದ್ದರು. ಆದರೆ ಅದನ್ನು ಅಳೆಯುವ ಸಾಧನ ಯಾರಲ್ಲೂ ಇರಲಿಲ್ಲ.

ಮೇವನ್ನು ತೂಗಲು ಕಲಿತದ್ದು

ಅಳತೆಯ ಕೆಲಸ ಆರಂಭವಾದದ್ದು ಜರ್ಮನಿಯಲ್ಲಿ. ಹತ್ತೊಂಬತ್ತನೆಯ ಶತಮಾನದ ಮೊದಲಲ್ಲಿ ಆಲ್ಬ್ರೆಕ್ಟ್ ಥೇರ್ ಒಣಹುಲ್ಲನ್ನೇ ಮಾನವಾಗಿಟ್ಟುಕೊಂಡು, ಇಷ್ಟು ಹುಲ್ಲಿಗೆ ಇಷ್ಟು ಗೆಡ್ಡೆ ಸಮ ಎಂಬ ಪಟ್ಟಿ ಮಾಡಿದ. 1860ರ ದಶಕದಲ್ಲಿ ವೇಂಡೆ ಎಂಬಲ್ಲಿ ಹೆನ್ನೆಬರ್ಗ್ ಮತ್ತು ಸ್ಟೋಮನ್ ಮೇವನ್ನು ನೀರು, ಬೂದಿ, ಪ್ರೋಟೀನು, ಕೊಬ್ಬು, ನಾರು ಹಾಗೂ ಉಳಿದ ಶರ್ಕರಪಿಷ್ಟಗಳಾಗಿ ಬೇರ್ಪಡಿಸುವ ಕ್ರಮ ರೂಪಿಸಿದರು. ಇಂದಿಗೂ ಪಶು ಆಹಾರದ ಚೀಲದ ಮೇಲೆ ಕಾಣುವ ಕಚ್ಚಾ ಪ್ರೋಟೀನು, ಕಚ್ಚಾ ನಾರು ಎಂಬ ಪದಗಳು ಅಲ್ಲಿಂದ ಬಂದವು. ಲೈಪ್‌ಜಿಗ್ ಸಮೀಪದ ಮ್ಯೋಕರ್ನ್‌ನಲ್ಲಿ ಓಸ್ಕರ್ ಕೆಲ್ನರ್ ಇನ್ನೂ ಮುಂದೆ ಹೋಗಿ, ತಿಂದ ಮೇವಿನಲ್ಲಿ ಎಷ್ಟು ಭಾಗ ನಿಜವಾಗಿ ಮೈಗೆ ಹತ್ತುತ್ತದೆ ಎಂಬುದನ್ನು ಪಿಷ್ಟದ ಸಮಾನದಲ್ಲಿ ಸೂಚಿಸಿದ. 1905ರಲ್ಲಿ ಪ್ರಕಟವಾದ ಆತನ ಗ್ರಂಥ ಅನೇಕ ದೇಶಗಳಲ್ಲಿ ಬಳಕೆಗೆ ಬಂತು.

ಮೇವು ಜೀರ್ಣವಾಗುವ ಪ್ರಮಾಣವನ್ನು ತಿಳಿಯುವ ಪ್ರಯೋಗ ತತ್ತ್ವದಲ್ಲಿ ಬಲು ಸರಳ. ರಾಸುವಿಗೆ ತೂಗಿ ಮೇವು ಹಾಕುವುದು, ಉಳಿಸಿದ್ದನ್ನು ತೂಗುವುದು, ಹಾಕಿದ ಸಗಣಿಯನ್ನೆಲ್ಲ ಸಂಗ್ರಹಿಸಿ ತೂಗಿ ವಿಶ್ಲೇಷಿಸುವುದು. ತಿಂದದ್ದರಲ್ಲಿ ಹೊರಹೋದದ್ದನ್ನು ಕಳೆದರೆ ಜೀರ್ಣವಾದದ್ದು ಸಿಗುತ್ತದೆ. ಇದು ತಾಳ್ಮೆಯ ಕೆಲಸ. ಯುರೋಪಿನ ಪಟ್ಟಿಗಳಲ್ಲಿ ರಾಗಿ ಹುಲ್ಲು ಇರಲಿಲ್ಲ, ಕಡಲೆಕಾಯಿ ಹೊಟ್ಟು ಇರಲಿಲ್ಲ. ಆದ್ದರಿಂದ ಈ ಕೆಲಸವನ್ನು ಇಲ್ಲಿಯೇ ಮಾಡಬೇಕಿತ್ತು.

ಅದಕ್ಕೆ ತಾಣವಾದದ್ದು ಬೆಂಗಳೂರು. 1923ರಲ್ಲಿ ಆಡುಗೋಡಿಯಲ್ಲಿ ಇಂಪೀರಿಯಲ್ ಪಶುಸಂಗೋಪನೆ ಮತ್ತು ಹೈನುಗಾರಿಕೆ ಸಂಸ್ಥೆ ಪ್ರಾರಂಭವಾಯಿತು. ಸರ್ಕಾರದ ಶರೀರಕ್ರಿಯಾ ರಸಾಯನಜ್ಞ ಎಫ್.ಜೆ. ವಾರ್ತ್ ಬೆಂಗಳೂರಿನಲ್ಲಿ 1920ರ ದಶಕದಲ್ಲಿ ಕರುಗಳಿಗೆ ಜೋಳದ ರಸಮೇವು ಮತ್ತು ಹಿಂಡಿಯನ್ನು ತೂಗಿ ತಿನ್ನಿಸಿ ಬೆಳವಣಿಗೆಯನ್ನು ಅಳೆದರು. 1927ರಲ್ಲಿ ವಿಶ್ರಾಂತಿಗೆಂದು ಬೆಂಗಳೂರಿಗೆ ಬಂದಿದ್ದ ಮಹಾತ್ಮ ಗಾಂಧಿ ಈ ಸಂಸ್ಥೆಗೆ ಹೋಗಿ, ವಿಲಿಯಂ ಸ್ಮಿತ್ ಅವರಿಂದ ಪಶುಪಾಲನೆಯ ಪಾಠ ಹೇಳಿಸಿಕೊಂಡು, ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತನೆಂದು ಬರೆದುಕೊಂಡರು. ಮುಂದೆ ಕೆ.ಸಿ. ಸೇನ್ ಭಾರತದ ಮೇವುಗಳ ಪೋಷಕಮೌಲ್ಯದ ಪಟ್ಟಿಯನ್ನು ಪ್ರಕಟಿಸಿದರು. ಪರಿಷ್ಕಾರಗೊಳ್ಳುತ್ತ ಅದು ದಶಕಗಳ ಕಾಲ ಪಶುವೈದ್ಯ ವಿದ್ಯಾರ್ಥಿಗಳ ಕೈಪಿಡಿಯಾಯಿತು. 1955ರಲ್ಲಿ ರಾಷ್ಟ್ರೀಯ ಹೈನು ಸಂಶೋಧನಾ ಸಂಸ್ಥೆಯ ಮುಖ್ಯ ಕಚೇರಿ ಹರಿಯಾಣದ ಕರ್ನಾಲ್‌ಗೆ ಹೋಯಿತು. ಆಡುಗೋಡಿ ಅದರ ದಕ್ಷಿಣ ಕೇಂದ್ರವಾಗಿ ಉಳಿಯಿತು.

ಹಾಲು ಜ್ವರ ಕಲಿಸಿದ ಪಾಠ

ಮೇವನ್ನು ಅಳೆಯಲು ಬಂದರೂ, ಕರು ಹಾಕಿದ ಕೂಡಲೇ ಹಸುವಿನ ದೇಹದಲ್ಲಿ ಏನಾಗುತ್ತದೆ ಎಂಬುದು ಗೊತ್ತಿರಲಿಲ್ಲ. ಅದರ ಮೊದಲ ಸುಳಿವು ಕೊಟ್ಟದ್ದು ಒಂದು ರೋಗ. ಹೆಚ್ಚು ಹಾಲು ಕೊಡುವ ಹಸು ಈದ ಒಂದೆರಡು ದಿನಗಳಲ್ಲಿ ಮೈ ತಣ್ಣಗಾಗಿ, ಕತ್ತನ್ನು ಪಕ್ಕೆಗೆ ತಿರುಗಿಸಿ ಮಲಗಿ, ಮೇಲೇಳಲಾರದೆ ಸಾಯುತ್ತಿತ್ತು. ಜ್ವರವೇ ಇಲ್ಲದ ಈ ರೋಗದ ಹೆಸರು ಹಾಲು ಜ್ವರ!

1897ರಲ್ಲಿ ಡೆನ್ಮಾರ್ಕಿನ ಕೋಲ್ಡಿಂಗ್ ಊರಿನ ಪಶುವೈದ್ಯ ಯೂರ್ಗೆನ್ ಶ್ಮಿಟ್, ಕೆಚ್ಚಲಿನಲ್ಲಿ ವಿಷ ಹುಟ್ಟುತ್ತದೆಂದು ಭಾವಿಸಿ, ಪೊಟ್ಯಾಸಿಯಂ ಅಯೊಡೈಡ್ ದ್ರಾವಣವನ್ನು ಮೊಲೆತೊಟ್ಟಿನ ಮೂಲಕ ಕೆಚ್ಚಲಿಗೆ ತುಂಬಿಸಿದ. ಹಸುಗಳು ಎದ್ದು ನಿಂತವು. ಕೆಲವು ವರ್ಷಗಳಲ್ಲಿ ಔಷಧವೇ ಬೇಡ, ಕೆಚ್ಚಲಿಗೆ ಗಾಳಿ ತುಂಬಿದರೂ ಸಾಕು ಎಂದು ತಿಳಿಯಿತು. ಚಿಕಿತ್ಸೆ ಫಲಿಸಿತು, ಸಿದ್ಧಾಂತ ಮಾತ್ರ ತಪ್ಪಾಗಿತ್ತು. 1925ರಲ್ಲಿ ಎಡಿನ್‌ಬರೊದ ಡ್ರೈಯರ್ ಮತ್ತು ಗ್ರೆಗ್ ಇದು ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವುದರಿಂದ ಆಗುವ ರೋಗವೆಂದು ಸೂಚಿಸಿದರು. ಅದೇ ವರ್ಷ ಲಿಟ್ಲ್ ಮತ್ತು ರೈಟ್ ರೋಗಪೀಡಿತ ಹಸುಗಳ ರಕ್ತ ಪರೀಕ್ಷಿಸಿ ಕ್ಯಾಲ್ಸಿಯಂ ಕೊರತೆಯನ್ನು ತೋರಿಸಿದರು. ಗಾಳಿ ತುಂಬಿದಾಗ ಕೆಚ್ಚಲಿನ ಒತ್ತಡ ಹೆಚ್ಚಿ ಹಾಲಿಗೆ ಕ್ಯಾಲ್ಸಿಯಂ ಹರಿಯುವುದು ನಿಲ್ಲುತ್ತಿತ್ತು, ಅಷ್ಟೆ. 1930ರ ದಶಕದಲ್ಲಿ ಬಳಕೆಗೆ ಬಂದ ಕ್ಯಾಲ್ಸಿಯಂ ಬೋರೋಗ್ಲುಕೊನೇಟ್ ಇಂದೂ ಹಳ್ಳಿಯ ಪಶುವೈದ್ಯರ ಚೀಲದಲ್ಲಿದೆ.

ಇಲ್ಲಿನ ಅಂಕಿಗಳನ್ನು ನೋಡಿ. ಒಂದು ಲೀಟರ್ ಗಿಣ್ಣು ಹಾಲಿನಲ್ಲಿ ಸುಮಾರು 2 ಗ್ರಾಂ ಕ್ಯಾಲ್ಸಿಯಂ ಇರುತ್ತದೆ. ದೊಡ್ಡ ಹಸುವೊಂದರ ರಕ್ತದಲ್ಲಿ ಯಾವುದೇ ಕ್ಷಣದಲ್ಲಿ ಹರಿಯುತ್ತಿರುವ ಕ್ಯಾಲ್ಸಿಯಂ ಸುಮಾರು 3 ಗ್ರಾಂ ಮಾತ್ರ. ಹತ್ತು ಲೀಟರ್ ಗಿಣ್ಣು ಹಾಲು ಹಿಂಡಿದರೆ ರಕ್ತದಲ್ಲಿರುವುದರ ಆರೇಳು ಪಟ್ಟು ಹೊರಗೆ ಹೋದಂತೆ. ಅದನ್ನು ಮೂಳೆಯಿಂದಲೂ ಕರುಳಿನಿಂದಲೂ ತಕ್ಷಣ ತುಂಬಬೇಕು. ಹೀಗೆ ಒಂದು ರೋಗದ ಮೂಲಕ ವಿಜ್ಞಾನಕ್ಕೆ ಮುಖ್ಯವಾದ ತತ್ತ್ವವೊಂದು ಹೊಳೆಯಿತು: ಕರು ಹಾಕಿದ ಹಸುವಿನ ಕೆಚ್ಚಲು ದೇಹದ ಉಳಿದ ಅಂಗಗಳ ಅನುಕೂಲ ಕೇಳುವುದಿಲ್ಲ. ಮೊದಲ ಪಾಲು ಅದಕ್ಕೇ.

ತಳಿ ಬಂತು, ಮಾರುಕಟ್ಟೆ ಬಂತು

ಈ ಮಧ್ಯೆ ನಮ್ಮಲ್ಲಿ ಹಸುವೇ ಬದಲಾಗತೊಡಗಿತು. 1939ರಲ್ಲಿ ಮೈಸೂರಿನ ಅರಮನೆ ಡೇರಿಯಲ್ಲಿ ಸಂಪತ್ ಕುಮಾರನ್ ಭಾರತದಲ್ಲೇ ಮೊದಲ ಬಾರಿಗೆ ಕೃತಕ ಗರ್ಭಧಾರಣೆ ಮಾಡಿದರು. ಹಳ್ಳಿಕಾರ್ ಹಸುಗಳಿಗೆ ಹೋಲ್‌ಸ್ಟೀನ್ ಫ್ರೀಶಿಯನ್ ಹೋರಿಯ ವೀರ್ಯ ಬಳಸಿದ ಆ ಪ್ರಯೋಗದಿಂದಲೇ ಇಂದಿನ 'ಸೀಮೆಹಸು'ವಿನ ಕಥೆ ಶುರುವಾಗುತ್ತದೆ ಎನ್ನಬಹುದು. 1969ರಲ್ಲಿ ಡೆನ್ಮಾರ್ಕಿನ ನೆರವಿನಿಂದ ಹೆಸರಘಟ್ಟದಲ್ಲಿ ಘನೀಕೃತ ವೀರ್ಯ ಕೇಂದ್ರ ಸ್ಥಾಪನೆಯಾದ ಮೇಲೆ ಫ್ರೀಶಿಯನ್, ಜರ್ಸಿ ತಳಿಗಳ ರಕ್ತ ಹಳ್ಳಿಹಳ್ಳಿಗೆ ತಲುಪಲು ದಾರಿಯಾಯಿತು.

ಹೆಚ್ಚಿದ ಹಾಲಿಗೆ ಕೊಳ್ಳುವವರು ಬೇಕಲ್ಲ? 1965ರಲ್ಲಿ ಬೆಂಗಳೂರು ಡೇರಿ ಪ್ರಾರಂಭವಾಯಿತು. 1974ರಲ್ಲಿ ವಿಶ್ವಬ್ಯಾಂಕಿನ ನೆರವಿನ ಹೈನು ಅಭಿವೃದ್ಧಿ ಯೋಜನೆ ದಕ್ಷಿಣದ ಜಿಲ್ಲೆಗಳಿಗೆ ಬಂತು. 1977ರಲ್ಲಿ ತುಮಕೂರು ಹಾಲು ಒಕ್ಕೂಟ ರಚನೆಯಾಯಿತು. 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳಿ ರೂಪುಗೊಂಡಿತು. ತುಮಕೂರಿನ ಪಕ್ಕದ ಮಲ್ಲಸಂದ್ರದ ಡೇರಿಗೆ ಹಳ್ಳಿಗಳ ಸಂಘಗಳಿಂದ ಹಾಲು ಹರಿಯತೊಡಗಿತು. ಮಳೆಯನ್ನೇ ನಂಬಿದ ರಾಗಿ, ಕಡಲೆಕಾಯಿಯ ಹೊಲಗಳ ನಡುವೆ ವಾರ ವಾರ ಕೈಗೆ ಸಿಗುವ ಹಾಲಿನ ಬಟವಾಡೆ ಎಷ್ಟೋ ಮನೆಗಳ ಜೀವಾಳವಾಯಿತು. ಮಕ್ಕಳ ಶಾಲೆಯ ಖರ್ಚು, ಅಂಗಡಿ ಸಾಲ, ಆಸ್ಪತ್ರೆ ಎಲ್ಲಕ್ಕೂ ಅದೇ ಆಧಾರ. ಹಸು ಗಬ್ಬ ನಿಲ್ಲದಿದ್ದರೆ ಈ ಆಧಾರವೇ ಕಳಚುತ್ತದೆ ಎಂಬುದನ್ನು ನೆನಪಿಡಬೇಕು.

ಹೀಗೆ ನಾಲ್ಕು ದಶಕಗಳಲ್ಲಿ ತಳಿ ಬದಲಾಯಿತು, ಮಾರುಕಟ್ಟೆ ಬದಲಾಯಿತು. ಗೊಂತು ಮಾತ್ರ ಹೆಚ್ಚು ಬದಲಾಗಲಿಲ್ಲ. ಗುಬ್ಬಿಯಲ್ಲಿ ಮಹಾಮಂಡಳಿಯ ಪಶು ಆಹಾರ ತಯಾರಿಕಾ ಘಟಕ ಬಂದು ಸಮತೋಲನದ ಆಹಾರ ಕೈಗೆಟುಕಿದರೂ, ಅದನ್ನು ಹಾಕುವ ಕ್ರಮ 'ಹಾಲು ಕೊಟ್ಟಷ್ಟು ತಿಂಡಿ' ಎಂಬುದೇ ಆಗಿತ್ತು. ಹಾಲು ಬತ್ತಿದ ಹಸುವಿಗೆ ಉಳಿದಬಳಿದ ಹುಲ್ಲು. ಈದ ಮೇಲೆ ದಿಢೀರನೆ ಹಿಂಡಿ. ಇದರಲ್ಲಿ ತಪ್ಪೇನು ಎಂಬುದನ್ನು ಒಂದು ಲೆಕ್ಕದಿಂದ ನೋಡೋಣ.

ಒಂದು ಗೊಂತಿನ ಲೆಕ್ಕ

ಕೋರ ಹೋಬಳಿಯ ಒಂದು ಮನೆಯಲ್ಲಿ 400 ಕಿಲೋಗ್ರಾಂ ತೂಕದ ಮಿಶ್ರತಳಿ ಹಸು ಇದೆ ಎಂದು ಊಹಿಸಿಕೊಳ್ಳಿ. ಈದು ಐದು ವಾರವಾಗಿದೆ. ದಿನಕ್ಕೆ 14 ಲೀಟರ್ ಹಾಲು ಕೊಡುತ್ತಿದೆ. ಶಕ್ತಿಯನ್ನು ಅಳೆಯಲು 'ಒಟ್ಟು ಜೀರ್ಣವಾಗುವ ಪೋಷಕಾಂಶ' ಎಂಬ ಮಾನವನ್ನು ಬಳಸೋಣ. ಸುಮ್ಮನೆ ಬದುಕಿರಲು ಈ ಹಸುವಿಗೆ ದಿನಕ್ಕೆ ಸುಮಾರು 3 ಕಿಲೋಗ್ರಾಂ ಬೇಕು. ಪ್ರತಿ ಲೀಟರ್ ಹಾಲಿಗೆ ಸುಮಾರು 0.32 ಕಿಲೋಗ್ರಾಂನಂತೆ 14 ಲೀಟರಿಗೆ 4.5. ಒಟ್ಟು ಅಗತ್ಯ 7.5 ಕಿಲೋಗ್ರಾಂ.

ಈಗ ಗೊಂತಿನಲ್ಲಿ ಏನಿದೆ? 6 ಕಿಲೋಗ್ರಾಂ ರಾಗಿ ಹುಲ್ಲಿನಿಂದ ಸುಮಾರು 2.7, 10 ಕಿಲೋಗ್ರಾಂ ಹಸಿರು ಜೋಳದಿಂದ ಸುಮಾರು 1.3, 3 ಕಿಲೋಗ್ರಾಂ ಪಶು ಆಹಾರದಿಂದ ಸುಮಾರು 2. ಒಟ್ಟು 6 ಕಿಲೋಗ್ರಾಂ. ಕೊರತೆ ದಿನಕ್ಕೆ ಒಂದೂವರೆ ಕಿಲೋಗ್ರಾಂ. ಆದರೂ ಹಸುವಿನ ಹೊಟ್ಟೆ ತುಂಬಿದೆ! ಒಣ ಅಂಶದ ಲೆಕ್ಕದಲ್ಲಿ ಅದು ತಿಂದದ್ದು ಹತ್ತು ಕಿಲೋಗ್ರಾಂಗೂ ಸ್ವಲ್ಪ ಹೆಚ್ಚು. ಈದ ಐದನೆಯ ವಾರದಲ್ಲಿ ಇಂಥ ಹಸು ಅದಕ್ಕಿಂತ ಬಹಳ ಹೆಚ್ಚು ತಿನ್ನಲಾರದು. ರಾಗಿ ಹುಲ್ಲು ಭತ್ತದ ಹುಲ್ಲಿಗಿಂತ ಉತ್ತಮವೇನೋ ನಿಜ. ಆದರೆ ಅದರಲ್ಲಿ ಕಚ್ಚಾ ಪ್ರೋಟೀನು ನೂರಕ್ಕೆ ಮೂರು ನಾಲ್ಕು ಭಾಗ ಮಾತ್ರ. ಮೆಲುಕು ಹೊಟ್ಟೆಯಲ್ಲಿ ಅದು ನಿಧಾನವಾಗಿ ಕರಗುತ್ತ ಜಾಗವನ್ನು ಹಿಡಿದುಕೊಂಡಿರುತ್ತದೆ.

ಕೊರತೆಯನ್ನು ತುಂಬುವವರು ಯಾರು? ಹಸು ತನ್ನ ಮೈಯನ್ನೇ ಕರಗಿಸುತ್ತದೆ. ಒಂದು ಕಿಲೋಗ್ರಾಂ ದೇಹತೂಕ ಕರಗಿದರೆ ಸುಮಾರು ಏಳು ಲೀಟರ್ ಹಾಲಿಗೆ ಬೇಕಾದ ಶಕ್ತಿ, ಅಂದರೆ ಸುಮಾರು 2.2 ಕಿಲೋಗ್ರಾಂ ಪೋಷಕಾಂಶ ದೊರೆಯುತ್ತದೆ. ಒಂದೂವರೆ ಕಿಲೋಗ್ರಾಂ ಕೊರತೆಗೆ ದಿನಕ್ಕೆ ಸುಮಾರು 700 ಗ್ರಾಂ ಮೈ ಇಳಿಯಬೇಕು. ಎರಡು ತಿಂಗಳಲ್ಲಿ ಅದು 40 ಕಿಲೋಗ್ರಾಂ, ಅಂದರೆ ದೇಹತೂಕದ ಹತ್ತರಲ್ಲಿ ಒಂದು ಪಾಲು. ಹಾಲು ಇನ್ನೂ ಬರುತ್ತಿರುವುದರಿಂದ ಮನೆಯವರಿಗೆ ಕೊರತೆ ಕಾಣುವುದಿಲ್ಲ. ಡೇರಿಗೆ ಹೋಗುತ್ತಿರುವುದು ಗೊಂತಿನ ಮೇವಷ್ಟೇ ಅಲ್ಲ, ಹಸುವಿನ ಬೆನ್ನಿನ ಕೊಬ್ಬು ಕೂಡ.

ಇನ್ನೊಂದು ತೊಡಕೂ ಇದೆ. ಒಂದು ಲೀಟರ್ ಹಾಲು ತಯಾರಿಸಲು ಕೆಚ್ಚಲಿಗೆ ಸುಮಾರು 70 ಗ್ರಾಂ ಗ್ಲೂಕೋಸ್ ಬೇಕು. 14 ಲೀಟರಿಗೆ ಸುಮಾರು ಒಂದು ಕಿಲೋಗ್ರಾಂ. ಮೆಲುಕು ಹಾಕುವ ಪ್ರಾಣಿಗೆ ಕರುಳಿನಿಂದ ಗ್ಲೂಕೋಸ್ ಸಿಗುವುದು ತೀರ ಅಲ್ಪ. ಮೆಲುಕು ಹೊಟ್ಟೆಯ ಬ್ಯಾಕ್ಟೀರಿಯಾಗಳು ಉತ್ಪಾದಿಸುವ ಪ್ರೊಪಿಯಾನಿಕ್ ಆಮ್ಲದಿಂದ ಯಕೃತ್ತು ಅದನ್ನು ತಯಾರಿಸಬೇಕು. ಮೇವು ಸಾಲದಾಗ ಕರಗಿ ಬರುವ ಕೊಬ್ಬಿನ ಆಮ್ಲಗಳಿಂದ ಗ್ಲೂಕೋಸ್ ಮಾಡಲಾಗದು. ಅವು ಯಕೃತ್ತಿನಲ್ಲಿ ಪೂರ್ತಿ ಉರಿಯದೆ ಕೀಟೋನುಗಳಾಗುತ್ತವೆ. ಉಸಿರಿನಲ್ಲಿ ಸಿಹಿ ಕಮಟು ವಾಸನೆ, ಹಿಂಡಿ ತಿನ್ನದಿರುವುದು, ಹಾಲು ಇಳಿಯುವುದು ಇವು ಕೀಟೋಸಿಸ್‌ನ ಲಕ್ಷಣಗಳು. ಹಸಿವು ಇನ್ನಷ್ಟು ಕುಗ್ಗುತ್ತದೆ, ಕೊರತೆ ಇನ್ನಷ್ಟು ಬೆಳೆಯುತ್ತದೆ.

ಅಂಡಾಶಯಕ್ಕೆ ಸುದ್ದಿ ಮುಟ್ಟುವ ಬಗೆ

ಮೈ ಇಳಿದ ಹಸು ಗಬ್ಬ ನಿಲ್ಲದು ಎಂಬ ರೈತರ ಅನುಭವಕ್ಕೆ ಶರೀರವಿಜ್ಞಾನದ ಆಧಾರ ಸಿಕ್ಕಿದ್ದು ಇಪ್ಪತ್ತನೆಯ ಶತಮಾನದ ಕೊನೆಯ ಭಾಗದಲ್ಲಿ. 1980ರಲ್ಲಿ ಅಮೆರಿಕದ ಡೇಲ್ ಬೌಮನ್ ಮತ್ತು ಬ್ರೂಸ್ ಕರಿ ಒಂದು ಹೊಸ ವಿಚಾರ ಮುಂದಿಟ್ಟರು. ಹಾಲು ಕೊಡುವ ಅವಧಿಯ ಆರಂಭದಲ್ಲಿ ದೇಹ ತನ್ನ ಇಡೀ ವ್ಯವಸ್ಥೆಯನ್ನೇ ಕೆಚ್ಚಲಿನ ಪರವಾಗಿ ತಿರುಗಿಸುತ್ತದೆ ಎಂಬುದೇ ಅದು. ಬೆಳವಣಿಗೆಯ ಹಾರ್ಮೋನು ಏರುತ್ತದೆ, ಇನ್ಸುಲಿನ್ ಇಳಿಯುತ್ತದೆ, ಕೊಬ್ಬಿನ ಉಗ್ರಾಣ ಬಾಗಿಲು ತೆರೆಯುತ್ತದೆ. ಹುಟ್ಟಿದ ಕರುವನ್ನು ಉಳಿಸುವುದು ಇನ್ನೂ ಹುಟ್ಟದ ಕರುವಿಗಿಂತ ಮುಖ್ಯ ಎಂಬ ನಿಸರ್ಗದ ನಿಯಮವಿದು. ಮನುಷ್ಯ ಮಾಡಿದ್ದು ಒಂದೇ. ಒಂದು ಕರುವಿಗೆ ಬೇಕಾದ ಹಾಲಿನ ಹಲವು ಪಟ್ಟು ಹಾಲು ಸುರಿಸುವಂತೆ ತಳಿಯನ್ನು ಆಯ್ದ.

ಇನ್ಸುಲಿನ್ ಹಾಗೂ ಅದರ ಜೊತೆಗೆ ಯಕೃತ್ತಿನಿಂದ ಬರುವ ಬೆಳವಣಿಗೆಯ ಅಂಶ ಕುಸಿದಾಗ ಅಂಡಾಶಯದ ಕೋಶಿಕೆಗಳು ಮಂಕಾಗುತ್ತವೆ. ಮೆದುಳಿನಡಿಯ ಪಿಟ್ಯೂಟರಿಯಿಂದ ಬರುವ ಹಾರ್ಮೋನಿನ ಮಿಡಿತ ನಿಧಾನವಾಗುತ್ತದೆ. ಅಂಡ ಬಿಡುಗಡೆಯಾಗುವುದಿಲ್ಲ, ಬೆದೆ ಕಾಣುವುದಿಲ್ಲ, ಕಂಡರೂ ಮಂದವಾಗಿರುತ್ತದೆ. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಡಬ್ಲ್ಯು.ಆರ್. ಬಟ್ಲರ್ ಮತ್ತು ಸಂಗಡಿಗರು 1981ರಲ್ಲಿ ತೋರಿಸಿದಂತೆ, ಶಕ್ತಿಯ ಕೊರತೆ ತಳ ಮುಟ್ಟಿ ಮತ್ತೆ ಮೇಲಕ್ಕೆ ತಿರುಗಿದ ಸುಮಾರು ಹತ್ತು ದಿನಗಳ ಮೇಲೆ ಮೊದಲ ಅಂಡ ಬಿಡುಗಡೆಯಾಗುತ್ತದೆ. ಹಸುವಿನ ದೇಹ ನೋಡುವುದು ಕೊರತೆ ಎಷ್ಟಿದೆ ಎಂಬುದನ್ನಷ್ಟೇ ಅಲ್ಲ, ಕೊರತೆ ಕಡಿಮೆಯಾಗತೊಡಗಿದೆಯೇ ಎಂಬುದನ್ನು.

ಇದನ್ನು ಹಟ್ಟಿಯಲ್ಲಿಯೇ ಅಳೆಯಲು 1982ರಲ್ಲಿ ಒಂದು ಸುಲಭ ಮಾನ ಬಂತು. ಬೆನ್ನೆಲುಬು, ಸೊಂಟದ ಮೂಳೆ, ಬಾಲದ ಬುಡ ಇವನ್ನು ನೋಡಿ ಮುಟ್ಟಿ 1ರಿಂದ 5ರವರೆಗೆ ಅಂಕ ಕೊಡುವುದು. ಮೂಳೆ ಎದ್ದು ಕಾಣುವ ಬಡಕಲು ಹಸುವಿಗೆ 1, ಕೊಬ್ಬಿ ಮೂಳೆ ಮುಚ್ಚಿದ ಹಸುವಿಗೆ 5. 1989ರಲ್ಲಿ ಬಟ್ಲರ್ ಮತ್ತು ಸ್ಮಿತ್ ಪ್ರಕಟಿಸಿದ ಅಂಕಿಗಳು ಪಾಠಪುಸ್ತಕಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಈದ ಮೇಲೆ ಅರ್ಧ ಅಂಕಕ್ಕಿಂತ ಕಡಿಮೆ ಇಳಿದ ಹಸುಗಳಲ್ಲಿ ಮೊದಲ ಗರ್ಭಧಾರಣೆಗೇ ಗಬ್ಬ ನಿಂತವು ನೂರಕ್ಕೆ 65. ಅರ್ಧದಿಂದ ಒಂದು ಅಂಕ ಇಳಿದವುಗಳಲ್ಲಿ 53. ಒಂದು ಅಂಕಕ್ಕಿಂತ ಹೆಚ್ಚು ಇಳಿದವುಗಳಲ್ಲಿ ಕೇವಲ 17. ನಮ್ಮ ಲೆಕ್ಕದ ಹಸು ಮೈಯ ಹತ್ತರಲ್ಲೊಂದು ಪಾಲು ಕಳೆದುಕೊಂಡಿತ್ತಲ್ಲ, ಅದು ಈ ಪಟ್ಟಿಯ ಕೆಳತುದಿಯ ಹತ್ತಿರ ನಿಲ್ಲುತ್ತದೆ.

ನಷ್ಟವನ್ನೂ ಎಣಿಸಿ. ಬೆದೆಯ ಚಕ್ರ 21 ದಿನ. ಮೂರು ಚಕ್ರ ತಪ್ಪಿದರೆ 63 ದಿನ. ಆರು ಸೂಲುಗಳಲ್ಲಿ ಹೀಗೇ ಆದರೆ 378 ದಿನ. ಒಂದು ಕರು, ಒಂದು ವರ್ಷದ ಹಾಲು ಸದ್ದಿಲ್ಲದೆ ಹೋಗಿರುತ್ತದೆ.

ಹಿಂಡಿ ಸುರಿದರೆ ಸಾಲದು

ಹಾಗಾದರೆ ಈದ ದಿನವೇ ಬೇಕಾದಷ್ಟು ಹಿಂಡಿ ಹಾಕಬಹುದಲ್ಲವೇ? ಇಲ್ಲಿಯೂ ಚರಿತ್ರೆಯಲ್ಲಿ ಪಾಠವಿದೆ. 1920ರ ದಶಕದಲ್ಲಿ ಇಂಗ್ಲೆಂಡಿನ ರಾಬರ್ಟ್ ಬೌಟ್‌ಫ್ಲವರ್, ಗಬ್ಬದ ಕೊನೆಯ ವಾರಗಳಲ್ಲೇ ಹಸುವಿಗೆ ಹೆಚ್ಚು ಕಾಳು ತಿನ್ನಿಸಿ ಸಿದ್ಧಪಡಿಸಬೇಕೆಂದು ಸಾರಿದರು. ಹಾಲು ಹೆಚ್ಚಿತು. ಆದರೆ ಈ ತತ್ತ್ವವನ್ನು ಅತಿಗೆ ಒಯ್ದಲ್ಲಿ ಹಸುಗಳು ಕೊಬ್ಬಿದವು. ಕೊಬ್ಬಿದ ಹಸು ಈದ ಮೇಲೆ ಇನ್ನೂ ಕಡಿಮೆ ತಿನ್ನುತ್ತದೆ, ಅದರ ಯಕೃತ್ತಿನಲ್ಲಿ ಕೊಬ್ಬು ತುಂಬುತ್ತದೆ, ಮಾಸು ಬೀಳುವುದು ತಡವಾಗುತ್ತದೆ ಎಂದು 1970ರ ದಶಕದಲ್ಲಿ ಗುರುತಿಸಲಾಯಿತು. ಹಾಗೆಯೇ 1954ರಲ್ಲಿ ಬೋಡಾ ಮತ್ತು ಕೋಲ್ ಎಂಬುವರು ಈಯುವ ಮುನ್ನ ಕ್ಯಾಲ್ಸಿಯಂ ಅತಿಯಾಗಿ ಕೊಟ್ಟರೆ ಹಾಲು ಜ್ವರ ಹೆಚ್ಚುತ್ತದೆಂದು ತೋರಿಸಿದರು. ದೇಹ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವ ಅಭ್ಯಾಸವನ್ನೇ ಮರೆತಿರುತ್ತದೆ!

ಮೆಲುಕು ಹೊಟ್ಟೆಗೂ ಸಮಯ ಬೇಕು. ಹುಲ್ಲಿಗೆ ಒಗ್ಗಿದ ಬ್ಯಾಕ್ಟೀರಿಯಾಗಳ ಮೇಲೆ ಒಮ್ಮೆಲೇ ಕಾಳು ಸುರಿದರೆ ಆಮ್ಲ ಏರಿ ಹಸು ಮೇವು ಬಿಡುತ್ತದೆ. ಆದ್ದರಿಂದ ಈಯುವುದಕ್ಕೆ ಎರಡು ಮೂರು ವಾರ ಮೊದಲೇ ಸ್ವಲ್ಪ ಸ್ವಲ್ಪವಾಗಿ ಪಶು ಆಹಾರ ಪ್ರಾರಂಭಿಸಿ, ಈದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಅರ್ಧ ಕಿಲೋಗ್ರಾಂನಂತೆ ಏರಿಸಿ, ದಿನದ ಪಾಲನ್ನು ಮೂರು ನಾಲ್ಕು ಸಲ ಹಂಚಿ ಹಾಕುವುದು ಇಂದಿನ ಕ್ರಮ. ಈಯುವಾಗ ಹಸು ಅತ್ತ ಬಡಕಲೂ ಅಲ್ಲದೆ ಇತ್ತ ಕೊಬ್ಬಿಯೂ ಇರದೆ, ಮೂರೂವರೆ ಅಂಕದ ಆಸುಪಾಸಿನಲ್ಲಿರಬೇಕು.

ನಮ್ಮ ಲೆಕ್ಕದ ಗೊಂತನ್ನೇ ಬದಲಿಸಿ ನೋಡಿ. ರಾಗಿ ಹುಲ್ಲು 3 ಕಿಲೋಗ್ರಾಂಗೆ ಇಳಿಸಿ, ಮುಸುಕಿನ ಜೋಳ ಅಲಸಂದೆ ಸೇರಿದ ಹಸಿರು ಮೇವನ್ನು 20ಕ್ಕೆ, ಪಶು ಆಹಾರವನ್ನು 5ಕ್ಕೆ ಏರಿಸಿದರೆ ದೊರೆಯುವುದು ಸುಮಾರು 7.2 ಕಿಲೋಗ್ರಾಂ. ಕೊರತೆ ಪೂರ್ತಿ ಮುಚ್ಚಲಿಲ್ಲ. ಆದರೆ ಒಂದೂವರೆಯಿಂದ ಕಾಲು ಕಿಲೋಗ್ರಾಂ ಆಸುಪಾಸಿಗೆ ಇಳಿಯಿತು. ಅಂಡಾಶಯಕ್ಕೆ ಬೇಕಾದ ಶುಭಸುದ್ದಿ ಇಷ್ಟೆ. ನಾರಿನ ಮೇವು ಅರ್ಧಕ್ಕಿಂತ ಹೆಚ್ಚೇ ಉಳಿದಿರುವುದರಿಂದ ಹೊಟ್ಟೆಯ ಆರೋಗ್ಯವೂ ಕೆಡದು.

ಹಸಿರು ಸಿಗದ ಬೇಸಿಗೆಗೆ ಏನು ಮಾಡುವುದು? 1980ರ ದಶಕದ ಕೊನೆಯಲ್ಲಿ ನೆದರ್ಲೆಂಡ್ಸ್ ಸಹಕಾರದ ಯೋಜನೆಯೊಂದರಲ್ಲಿ ಒಣಹುಲ್ಲನ್ನು ಯೂರಿಯಾದಿಂದ ಸಂಸ್ಕರಿಸುವ ಪ್ರಯೋಗಗಳು ಬೆಂಗಳೂರಿನಲ್ಲೂ ನಡೆದವು. 100 ಕಿಲೋಗ್ರಾಂ ಹುಲ್ಲಿಗೆ 4 ಕಿಲೋಗ್ರಾಂ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಕರಗಿಸಿ ಚಿಮುಕಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಟ್ಟರೆ ಹೊರಬರುವ ಅಮೋನಿಯಾ ನಾರನ್ನು ಸಡಿಲಗೊಳಿಸುತ್ತದೆ. ಯೂರಿಯಾವನ್ನು ನೇರವಾಗಿ ತಿನ್ನಿಸಿದರೆ ಅದು ವಿಷ ಎಂಬ ಎಚ್ಚರ ಇಲ್ಲಿ ಅತ್ಯಗತ್ಯ. ಈ ಉಪಾಯದ ಲಾಭ ರಾಗಿ ಹುಲ್ಲಿಗಿಂತ ಭತ್ತದ ಹುಲ್ಲಿಗೆ ಹೆಚ್ಚು.

ಖನಿಜಗಳ ಪಾತ್ರವನ್ನು ಮರೆಯುವಂತಿಲ್ಲ. 1920ರ ದಶಕದಲ್ಲಿ ದಕ್ಷಿಣ ಆಫ್ರಿಕದ ಆರ್ನಾಲ್ಡ್ ಥೇಲರ್ ಮತ್ತು ಸಂಗಡಿಗರು ರಂಜಕ ಕಡಿಮೆಯಿದ್ದ ಹುಲ್ಲುಗಾವಲಿನ ಹಸುಗಳಿಗೆ ಮೂಳೆಪುಡಿ ತಿನ್ನಿಸಿದಾಗ ಕರು ಹಾಕುವ ಹಸುಗಳ ಸಂಖ್ಯೆ ಸ್ಪಷ್ಟವಾಗಿ ಹೆಚ್ಚಿತು. ಮಣ್ಣಿನಲ್ಲಿಲ್ಲದ್ದು ಹುಲ್ಲಿನಲ್ಲಿರದು, ಹುಲ್ಲಿನಲ್ಲಿಲ್ಲದ್ದು ಹಸುವಿಗೆ ಸಿಗದು. ಮಣ್ಣು ಊರಿಂದೂರಿಗೆ ಬೇರೆಯಾದ್ದರಿಂದ ಖನಿಜ ಮಿಶ್ರಣವೂ ಪ್ರದೇಶಕ್ಕೆ ತಕ್ಕಂತಿರಬೇಕು ಎಂಬ ತತ್ತ್ವದ ಮೇಲೆ, 1995ರಲ್ಲಿ ಆಡುಗೋಡಿಯಲ್ಲೇ ಸ್ಥಾಪನೆಯಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆ ಪ್ರದೇಶವಾರು ಮಿಶ್ರಣಗಳನ್ನು ರೂಪಿಸಿತು. ವಾರ್ತ್ ಮೇವು ತೂಗಿದ ನಗರದಲ್ಲಿ ಆ ಕೆಲಸ ಮುಂದುವರಿದಿದೆ ಎಂಬುದು ಗಮನಾರ್ಹ. 2011–12ರಿಂದ 2018–19ರವರೆಗೆ ನಡೆದ ರಾಷ್ಟ್ರೀಯ ಹೈನು ಯೋಜನೆಯ ಮೊದಲ ಹಂತದಲ್ಲಿ, ತರಬೇತಿ ಪಡೆದ ಸ್ಥಳೀಯ ವ್ಯಕ್ತಿಗಳು ರೈತರ ಮನೆಯಲ್ಲೇ ಹಸುವಿನ ತೂಕ, ಹಾಲು, ಲಭ್ಯ ಮೇವು ನೋಡಿ ಸಮತೋಲನದ ಆಹಾರ ಸೂಚಿಸುವ ಕಾರ್ಯಕ್ರಮವೂ ಸೇರಿತ್ತು. ಕೆಲ್ನರ್‌ನ ಪಟ್ಟಿ ಹೀಗೆ ಕಂಪ್ಯೂಟರಿನ ಮೂಲಕ ಗೊಂತಿಗೆ ಬಂತು.

ತರಗತಿಗೊಂದು ಕೆಲಸ

ಶಿಕ್ಷಕರೇ, ಈ ಚರಿತ್ರೆಯನ್ನು ನಿಮ್ಮ ವಿದ್ಯಾರ್ಥಿಗಳು ಮನೆಯಲ್ಲೇ ಪರೀಕ್ಷಿಸಬಹುದು. ಹೊಸದಾಗಿ ಈದ ಹಸು ಇರುವ ಮನೆಯ ಹಾಲಿನ ಪಾಸ್‌ಪುಸ್ತಕ ಪಡೆದು, ಮನೆ ಬಳಕೆಯ ಹಾಲನ್ನೂ ಕೂಡಿಸಿ, ವಾರವಾರದ ಸರಾಸರಿಯನ್ನು ನಕ್ಷಾಹಾಳೆಯ ಮೇಲೆ ಗುರುತಿಸಲಿ. ಹಾಲು ತುದಿ ಮುಟ್ಟಿದ ವಾರ ಯಾವುದು? ಹದಿನೈದು ದಿನಕ್ಕೊಮ್ಮೆ ಟೇಪು ಹಿಡಿದು ಎದೆಸುತ್ತಳತೆ ತೆಗೆದರೆ ಮೈ ಇಳಿಯುವುದು, ಏರುವುದು ತಿಳಿಯುತ್ತದೆ. ಮೊದಲ ಬೆದೆ, ಗರ್ಭಧಾರಣೆ ಮಾಡಿಸಿದ ದಿನ, ಗಬ್ಬ ಖಚಿತವಾದ ದಿನ ಇವನ್ನು ಅದೇ ಹಾಳೆಯಲ್ಲಿ ಬರೆಯಲಿ. ಈಯುವ ಮುಂಚಿನ ಎರಡು ತಿಂಗಳು ಹಸು ಏನು ತಿಂದಿತ್ತು ಎಂದು ಮನೆಯವರನ್ನು ಕೇಳಿ ಪಕ್ಕದಲ್ಲಿ ಗುರುತಿಸಲಿ. ಹತ್ತು ಹಸುಗಳ ಹಾಳೆಗಳನ್ನು ಒಟ್ಟಿಗೆ ಇಟ್ಟರೆ ಚರ್ಚೆಗೆ ಬೇಕಾದಷ್ಟು ಸಾಮಗ್ರಿ ಸಿಗುತ್ತದೆ.

ಒಂದು ಮಾತನ್ನು ಆ ಹಾಳೆಗಳೇ ಹೇಳುತ್ತವೆ. ಮುಂದಿನ ಕರುವಿನ ಸಿದ್ಧತೆ ಬೆದೆ ಬಂದ ದಿನ ಪ್ರಾರಂಭವಾಗುವುದಿಲ್ಲ. ಹಸು ಹಾಲು ಬತ್ತಿಸಿ, ಯಾರ ಗಮನಕ್ಕೂ ಬಾರದೆ ಹಿತ್ತಿಲಿನಲ್ಲಿ ನಿಂತಿರುವ ಆ ಎರಡು ತಿಂಗಳಲ್ಲೇ ಅದು ಪ್ರಾರಂಭವಾಗಿರುತ್ತದೆ.